ದೇವರ ಗೂಡಿನ ತಿಮಿಂಗಿಲದ ಹಲ್ಲು

ಶೈಲಾ ಆಂಟಿಯ ದೇವರ ಗೂಡಿನಲ್ಲಿ ಗಣಪತಿಯ ಪಕ್ಕ ಒಂದು ಹಲ್ಲು ಇತ್ತು. ಗೇಣುದ್ದದ ತಿಮಿಂಗಿಲದ ಹಲ್ಲು. ಅದರ ಮೇಲೆ ಸೂಜಿಯಿಂದ ಗೀರಿ, ಗೀರಿಗೆ ಮಸಿ ತುಂಬಿ ಬಿಡಿಸಿದ ಹಾಯಿಹಡಗು. ಅವರ ಗಂಡ ವಾಲ್ಟರ್ ಅಂಕಲ್ ಅವರ ಮುತ್ತಜ್ಜ ತಿಮಿಂಗಿಲ ಬೇಟೆಯ ಹಡಗಿನಲ್ಲಿ, ನಡುಗಡಲಲ್ಲಿ ಕೂತು ಕೊರೆದದ್ದಂತೆ.

ಆಂಟಿ ಧಾರವಾಡದವರು. ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ಅರ್ಧ ಆಯುಷ್ಯ ಡಾಕ್ಟರಿಕೆ ಮಾಡಿದವರು. ಪಕ್ಕದ ಮನೆಯ ನನಗೆ ಬಿಪಿ ನೋಡುತ್ತಲೇ ಬೈಯುವವರು. ಪ್ರತಿ ಶುಕ್ರವಾರ ದೀಪಗಳ ಜೊತೆ ಆ ಹಲ್ಲನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಕುಂಕುಮ ಏರಿಸುತ್ತಿದ್ದರು. "ಹಿರೇರದು ಅಂದ್ಮ್ಯಾಲೆ ಷೋಕೇಸಿನ್ಯಾಗ ಇಡ್ಲಿಕ್ಕೆ ಆಗ್ತದೇನ?" ಎನ್ನುತ್ತಿದ್ದರು.

ಚಾರ್ಲ್ಸ್‌ಟನ್‌ನಲ್ಲಿದ್ದ ಆಂಟಿಯ ನಾದಿನಿ ಈ ಮದುವೆಯನ್ನು ಒಪ್ಪಿರಲೇ ಇಲ್ಲ. ನಮ್ಮ ಮನೆಯ ವಸ್ತುವಿನ ಬೆಲೆ ಅವಳಿಗೇನು ಗೊತ್ತು ಎಂದು ಆಕೆ ಹಿಂದೊಮ್ಮೆ ಆಡಿದ ಮಾತು ಆಂಟಿಗೆ ಚುಚ್ಚುತ್ತಲೇ ಇತ್ತು. ಕೋವಿಡ್‌ನಲ್ಲಿ ಅಂಕಲ್ ತೀರಿಕೊಂಡ ಮೇಲೆ ಆಂಟಿ ಹಟ ಹಿಡಿದರು.

"ಶಾಣ್ಯಾರ ಕಡೆಯಿಂದ ಇದರ ಕಿಮ್ಮತ್ತು ಬರಸಿ, ಆಕಿ ಕೈಯಾಗ ಇಡ್ತೀನಿ. ಹ್ಯಾಂಗ ಕಾದೀನಿ ನೋಡ್ಲಿ!"

ನಾನೇ ಡ್ರೈವ್ ಮಾಡಿಕೊಂಡು ಹೋದೆ. ಹಳೆಯ ವಸ್ತುಗಳಿಗೆ ಬೆಲೆ ಕಟ್ಟುವ ಆ ಮನುಷ್ಯ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಹಲ್ಲು ಅಸಲಿ, ಕೆತ್ತನೆಯೂ ಹಳೆಯದೇ, ಮ್ಯೂಸಿಯಂನಲ್ಲಿ ಇರಬೇಕಾದದ್ದು ಎಂದ. ಆಂಟಿಯ ಮುಖ ಅರಳಿತು. ಆದರೆ ಮಸಿಯೆಲ್ಲ ಯಾವುದೋ ಹುಳಿಗೆ ತೊಳೆದುಹೋಗಿದೆ, ಗೀರುಗಳು ಸವೆದಿವೆ, ಉಳಿದವುಗಳಲ್ಲಿ ಏನೋ ಕೆಂಪು ಕೂತಿದೆ. ಈಗ ಇದಕ್ಕೆ ಬೆಲೆಯೆಂದು ಹೇಳುವಂಥದ್ದೇನೂ ಉಳಿದಿಲ್ಲ ಎಂದ. ಯಾರು ತೊಳೆದದ್ದು ಎಂದು ಕೇಳಿದ.

"ನಾನೇ," ಎಂದರು ಆಂಟಿ. ಏನೂ ತಪ್ಪು ಮಾಡದ ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂತು.

ಹಲ್ಲನ್ನು ಅವರು ನಾದಿನಿಗೆ ಕೊಡಲೇ ಇಲ್ಲ. ಅದು ಚಾರ್ಲ್ಸ್‌ಟನ್ ಸೇರಿದ್ದು ಆಂಟಿ ತೀರಿಕೊಂಡ ಮೇಲೆ, ವಕೀಲರ ಕೈಯಿಂದ.

ಅದಕ್ಕೂ ಮೊದಲು, ಕೊನೆಯ ಸಲ ನಾನು ಅವರ ಮನೆಗೆ ಹೋದಾಗ ಆಂಟಿ ಸಿಂಕಿನ ಮುಂದೆ ನಿಂತು ಹಳೆಯ ಟೂತ್‌ಬ್ರಶ್ಶಿನಲ್ಲಿ ಅದನ್ನು ಉಜ್ಜುತ್ತಿದ್ದರು. ಕೆಂಪಾದರೂ ಹೋದರೆ ಕೊಡಬಹುದು ಎಂಬ ಆಸೆ.

"ಬಿಡಿ ಆಂಟಿ, ಇರೋ ಗೆರೇನೂ ಅಳಿಸಿಹೋಗುತ್ತೆ," ಎಂದೆ.

ಅವರು ನಲ್ಲಿ ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ.

"ನನ್ನ ಹಣಿ ಮ್ಯಾಲಿಂದು ಒಂದ ದಿನಕ್ಕ ಹೋತು. ಇದರ ಕುಂಕುಮ ನೋಡು, ಎಷ್ಟ ತಿಕ್ಕಿದ್ರೂ ಹೋಗವಲ್ದು."