ಕ್ಯಾಚ್ ಹಿಡಿದ ಮೇಲಿನ ಓಟ

ಕ್ಯಾಚ್ ಹಿಡಿದಾಗಿತ್ತು. ಆದರೂ ಒಬ್ಬ ಓಡತೊಡಗಿದ. ಸಿಂಗಪುರಕ್ಕೆ ಬಂದ ಮೇಲೆ ನನ್ನ ಜೀವ ಬಾಯಿಗೆ ಬಂದದ್ದು ಆ ಗಳಿಗೆಯಲ್ಲಿ.

ಬ್ಯೂನಾ ವಿಸ್ಟಾದ ಒಂದು ಕಚೇರಿಯಲ್ಲಿ ನನ್ನ ಕೆಲಸ ಆಟ ನೋಡುವುದು. ಹೀಗೆಂದರೆ ಊರಿನವರು ಹೊಟ್ಟೆಕಿಚ್ಚು ಪಡುತ್ತಾರೆ. ಪರದೆಯಲ್ಲಿ ಪಂದ್ಯ ನೋಡುತ್ತ ಪ್ರತಿ ಎಸೆತಕ್ಕೂ ಗುಂಡಿ ಒತ್ತಬೇಕು, ಆ ಸ್ಕೋರು ಕೂಡಲೇ ಜನರ ಫೋನುಗಳಿಗೆ ಹೋಗುತ್ತದೆ. ದಾವಣಗೆರೆಯಲ್ಲಿ ಅಪ್ಪ ಕ್ರಿಕೆಟ್ ಟೂರ್ನಿಗಳಿಗೆ ಸ್ಕೋರರ್ ಆಗಿದ್ದರು. ಅವರ ಪಕ್ಕ ಕೂತು, ಪೆನ್ಸಿಲ್ ಚೂಪು ಮಾಡಿಕೊಡುತ್ತ ಬೆಳೆದವಳು ನಾನು. ಆ ಜಂಬದಲ್ಲೇ ಬಂದೆ. ಇಲ್ಲಿ ನನ್ನ ಕೈಗೆ ಕೊಟ್ಟದ್ದು ಜಪಾನಿನ ವೃತ್ತಿಪರ ಬೇಸ್‌ಬಾಲ್!

ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಗಂಡ, ಮಗ ಇಬ್ಬರೂ ಇಲ್ಲಿರುವುದು ನನ್ನ ಕೆಲಸದ ಪಾಸಿನ ಮೇಲೆ. ನನ್ನ ಕೆಲಸ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವನು ತಪ್ಪು ಫಲಿತಾಂಶ ಕಳಿಸಿ ಕೆಲಸ ಕಳೆದುಕೊಂಡಿದ್ದ. ಕುರ್ಚಿ ಇನ್ನೂ ಅವನ ಎತ್ತರಕ್ಕೇ ಇತ್ತು. ಅದನ್ನು ತಗ್ಗಿಸಿಕೊಳ್ಳಲೂ ನನಗೆ ಭಯ.

ಪಕ್ಕದ ಮೇಜಿನ ಅನನ್ಯಾ ಇಲ್ಲೇ ಬೆಳೆದ ಕನ್ನಡದ ಹುಡುಗಿ. "ಆಂಟಿ, ಕ್ರಿಕೆಟ್ ಮರ್ತ್‌ಬಿಡಿ ಲಾ," ಎಂದು ಮೊದಲ ದಿನವೇ ಹೇಳಿದ್ದಳು. "ಕ್ಯಾಚ್ ಹಿಡಿದ್ರೂ ಬಾಲ್ ಲೈವ್. ಬೇಸ್ ಮುಟ್ಕೊಂಡು ನಿಂತಿರೋ ರನ್ನರ್ ಆಮೇಲೆ ಓಡ್ಬಹುದು." 'ಲಾ' ಎಂಬುದು ಇಲ್ಲಿನವರು ಮಾತಿಗೆ ಅಂಟಿಸುವ ಬಾಲ, ನಮ್ಮ 'ಮಾರಾಯ್ತಿ' ಇದ್ದ ಹಾಗೆ. ಅವಳು ಹೇಳಿದ್ದು ತಲೆಗೆ ಹೋಗಿತ್ತು, ಬೆರಳಿಗೆ ಇಳಿದಿರಲಿಲ್ಲ.

ಆ ಸಂಜೆ ಕೊನೆಯ ಇನಿಂಗ್ಸ್. ಸ್ಕೋರು ಮೂರು–ಮೂರು, ಸಮ. ಎರಡನೆಯದಾಗಿ ಬ್ಯಾಟ್ ಮಾಡುತ್ತಿದ್ದ ತಂಡದ ಒಬ್ಬ ಔಟಾಗಿದ್ದ, ಇನ್ನೊಬ್ಬ ಮೂರನೆಯ ಬೇಸಿನಲ್ಲಿ ನಿಂತಿದ್ದ. ಅಲ್ಲಿಂದ ಅವನು ಓಡಿ ಬಂದು ಬ್ಯಾಟ್ ಮಾಡುವವನ ಪಕ್ಕದ ಹೋಮ್ ಪ್ಲೇಟ್ ಮುಟ್ಟಿದರೆ ಗೆಲುವು. ಚೆಂಡು ಆಕಾಶಕ್ಕೆ ಹಾರಿತು. ದೂರದ ಫೀಲ್ಡರ್ ಹಿಡಿದ. 'ಔಟ್, ರನ್ ಇಲ್ಲ' ಎಂಬ ಗುಂಡಿಯ ಮೇಲೆ ನನ್ನ ಬೆರಳು ಆಗಲೇ ಕೂತಿತ್ತು. ಒಮ್ಮೆ ಒತ್ತಿದರೆ ಹಿಂದಕ್ಕೆ ಪಡೆಯುವಂತಿಲ್ಲ.

ಒತ್ತಲಿಲ್ಲ. ಜಾಣತನದಿಂದಲ್ಲ, ಕೈ ಹೆಪ್ಪುಗಟ್ಟಿತ್ತು. ಕ್ರಿಕೆಟ್ ಆಗಿದ್ದರೆ ಚೆಂಡು ಕೈಸೇರುವ ಮೊದಲೇ ಬರೆದುಬಿಡುತ್ತಿದ್ದೆ. ಅಷ್ಟರಲ್ಲಿ ಮೂರನೆಯ ಬೇಸಿನವನು ಓಡಿದ. ಚೆಂಡು ಅವನ ಬೆನ್ನಟ್ಟಿ ಬಂತು. ಅವನು ಮಣ್ಣಿಗೆ ಬಿದ್ದು ಜಾರಿದ, ಧೂಳೆದ್ದಿತು, ಅಂಪೈರ್ ಎರಡೂ ಕೈ ಚಾಚಿದ. ಕ್ರಿಕೆಟ್ಟಿನಲ್ಲಿ ಅದು ವೈಡ್, ಇಲ್ಲಿ 'ಔಟಲ್ಲ'. ಪಂದ್ಯ ಮುಗಿದಿತ್ತು.

"ಆಂಟಿ, ಕಳ್ಸಿದ್ರಾ?"

"ಏನು ಕಳಿಸ್ಲಿ?"

"ರನ್! ಅವ್ರು ಗೆದ್ರು!"

ಸರಿಯಾದ ಗುಂಡಿಯನ್ನು ಎರಡು ಕೈಯಿಂದ ಒತ್ತಿದೆ. ನನ್ನನ್ನು ಉಳಿಸಿದ್ದು ಭಯವೇ. ಆ ರಾತ್ರಿ ನಾವಿರುವ ಸೆಂಗ್‌ಕಾಂಗಿನಲ್ಲಿ ರೈಲು ಇಳಿದು ಮನೆಗೆ ಹತ್ತದೆ, ಕಟ್ಟಡದ ಕೆಳಗಿನ ಬಯಲಂಥ ವಾಯ್ಡ್ ಡೆಕ್‌ನಲ್ಲಿ ಬಹಳ ಹೊತ್ತು ಕೂತಿದ್ದೆ. ಊರಲ್ಲಾದರೆ ಯಾರಾದರೂ ಏನಾಯಿತೆಂದು ಕೇಳುತ್ತಿದ್ದರು.

ಈಗ ಕೆಲಸ ಕಾಯಂ ಆಗಿದೆ. ಕುರ್ಚಿಯನ್ನೂ ತಗ್ಗಿಸಿಕೊಂಡಿದ್ದೇನೆ.

ಮೊನ್ನೆ ನನ್ನ ತಮ್ಮ ದಾವಣಗೆರೆಯ ಮೈದಾನದಿಂದ ವಿಡಿಯೊ ಕರೆ ಮಾಡಿ ಪಂದ್ಯ ತೋರಿಸಿದ. ಅಪ್ಪ ಸ್ಕೋರು ಬರೆಯುತ್ತಿದ್ದ ಅದೇ ಮೈದಾನ. ಯಾರೋ ಎತ್ತಿ ಹೊಡೆದ, ಕ್ಯಾಚ್. ಎಲ್ಲರೂ ಕುಣಿದರು.

"ಯಾಕಕ್ಕಾ, ಸುಮ್ನಾದಿ? ಔಟಾತಲ್ಲ!"

"ಹೌದಾ?" ಎಂದೆ.

ಅವನು ನಕ್ಕ. ನನಗೆ ನಗು ಬರಲಿಲ್ಲ. ಇನ್ನೊಂದು ತುದಿಯ ಬ್ಯಾಟ್ಸ್‌ಮನ್ ಓಡುವುದಿಲ್ಲವೆಂದು ಗೊತ್ತಿದ್ದೂ ನಾನು ಅವನನ್ನೇ ನೋಡುತ್ತಿದ್ದೆ.