ಹಿಮಗಾಲುವೆಗೆ ಬೀಗ

ಬೀದಿದೀಪ ಆರುವ ಮೊದಲೇ ಕಿನುಯೊ ಇಷ್ಟು ಕೆಲಸ ಮುಗಿಸಿರಬೇಕಿತ್ತು. ಸೀಮೆಎಣ್ಣೆ ಒಲೆ ಹಚ್ಚಬೇಕು. ಹೆಪ್ಪುಗಟ್ಟದಿರಲೆಂದು ರಾತ್ರಿ ಬಸಿದಿಟ್ಟ ಕೊಳಾಯಿಗೆ ಮತ್ತೆ ನೀರು ಬಿಡಬೇಕು. ಅತ್ತೆಯ ಕೋಣೆಯ ಬಾಗಿಲು ಜರುಗುತ್ತದೆಯೇ ನೋಡಬೇಕು, ಏಕೆಂದರೆ ಮಾಡಿನ ಮೇಲೆ ಹಿಮ ಹೆಚ್ಚಾದರೆ ತೊಲೆ ಕುಗ್ಗಿ ಆ ಬಾಗಿಲು ಕಚ್ಚಿಕೊಳ್ಳುತ್ತದೆ, ಮುದುಕಿ ಒಳಗೇ ಉಳಿದುಬಿಡುತ್ತಾಳೆ. ಅಕ್ಕಿ ತೊಳೆದು ಒಲೆಗಿಡಬೇಕು. ಮಿಸೊ ಸಾರಿಗೆ ಮೂಲಂಗಿ ಹೆಚ್ಚಬೇಕು. ಹಿತ್ತಲ ಉಪ್ಪಿನಕಾಯಿ ಪೀಪಾಯಿಯ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಸೌಟಿನ ಹಿಡಿಯಿಂದ ಒಡೆಯಬೇಕು. ಇಷ್ಟಾದ ಮೇಲೆ ಗಂಬೂಟು ಹಾಕಿಕೊಂಡು ಸಲಿಕೆ ಹಿಡಿದು ಬೀದಿಗೆ ಇಳಿಯಬೇಕು.

ಅಷ್ಟು ಹೊತ್ತಿಗೆ ಕಾಲುವೆಗೆ ನೀರು ಬಂದಿರುತ್ತಿತ್ತು.

ನಮ್ಮ ಬೀದಿಯ ಅಡಿಯಲ್ಲಿ ಹಿಮಗಾಲುವೆ ಹರಿಯುತ್ತದೆ. ಪ್ರತಿ ಮನೆಯ ಮುಂದೆ ಅದಕ್ಕೊಂದು ಕಬ್ಬಿಣದ ಮುಚ್ಚಳ. ನದಿಯಿಂದ ಪಂಪು ಮಾಡಿದ ನೀರು ನಸುಕಿನಲ್ಲಿ ನಮ್ಮ ಸಾಲಿಗೆ, ಸಂಜೆ ಎದುರು ಸಾಲಿಗೆ. ತಮ್ಮ ಪಾಳಿಯಲ್ಲಿ ಮುಚ್ಚಳ ತೆಗೆದು, ಅಂಗಳದ ಹಿಮವನ್ನು ಸಲಿಕೆಯಿಂದ ಪುಡಿ ಮಾಡಿ, ನೀರಿನ ಓಟ ನೋಡಿಕೊಂಡು ಸ್ವಲ್ಪಸ್ವಲ್ಪವೇ ಬಿಡಬೇಕು. ನೀರಿಲ್ಲದ ಹೊತ್ತಿನಲ್ಲಿ ಸುರಿದ ಹಿಮ ಅಡಿಯಲ್ಲೇ ಕೂತು ಗಟ್ಟಿಯಾಗುತ್ತದೆ. ಮುಂದಿನ ಪಾಳಿಯ ನೀರು ಬಂದು ಅದಕ್ಕೆ ಡಿಕ್ಕಿ ಹೊಡೆದು, ದಾರಿ ಕಾಣದೆ ಬೀದಿಗೆ ಉಕ್ಕುತ್ತದೆ. ಕಿನುಯೊ ಹೊಸ ಸೊಸೆಯಾಗಿ ಬಂದ ಚಳಿಗಾಲದಲ್ಲಿ ಇದನ್ನೆಲ್ಲ ಹೇಳಿಕೊಟ್ಟವಳು ಇಳಿಜಾರಿನಲ್ಲಿ ಮೇಲಿನ ಮನೆಯ ಫುಸಾಕೊ. "ಹಿಮಾನ ತುರುಕಬೇಡ ಕಣೇ, ಮಗೂಗೆ ಗಂಜಿ ತಿನ್ನಿಸೋ ಹಾಗೆ ಬಿಡು" ಎಂದಿದ್ದಳು.

ಈಗ ಕಿನುಯೊಗೆ ಅನುಮಾನ ಬಂದದ್ದು ಅದೇ ಫುಸಾಕೊಳ ಮೇಲೆ.

ಕಿನುಯೊಳ ಮನೆ ಇಳಿಜಾರಿನ ಕೆಳತುದಿಯಲ್ಲಿದೆ. ಕಾಲುವೆ ತಿರುಗುವುದೂ ಅಲ್ಲೇ. ಮೇಲಿನಿಂದ ತೇಲಿ ಬಂದದ್ದೆಲ್ಲ ಸಿಕ್ಕಿಕೊಳ್ಳುವುದು ಅವಳ ಬಾಗಿಲ ಮುಂದೆ. ಹೊಸ ವರ್ಷದ ಸಡಗರ ಇಳಿದ ವಾರದಲ್ಲಿ ಒಂದು ಸಂಜೆ ನೀರು ಉಕ್ಕಿ ಪಾದರಕ್ಷೆ ಬಿಡುವ ತಗ್ಗಿಗೆ ನುಗ್ಗಿತು. ಗಂಡ ಮೊರಿಯೊನ ಒಳ್ಳೆಯ ಬೂಟು, ಅತ್ತೆಯ ಚಪ್ಪಲಿ, ಅಕ್ಕಿ ಚೀಲದ ಬುಡ ಎಲ್ಲ ತೊಯ್ದವು. ಅವಳು ಆ ಮಂಜುಗೊಜ್ಜನ್ನು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದಾಗ ಮೊರಿಯೊ ಒಳಗಿನಿಂದ, "ಬಾಗಿಲು ಹಾಕ್ಕೋ ಮಾರಾಯ್ತಿ, ಚಳಿ ಬರ್ತಿದೆ" ಎಂದ.

ಮಾರನೆಯ ದಿನದಿಂದ ಕಿನುಯೊ ಕಾವಲು ಕಾಯತೊಡಗಿದಳು. ಸೇಬಿನ ಕೊಠಾರದಲ್ಲಿ ಹಣ್ಣು ವಿಂಗಡಿಸುವ ಕೆಲಸ ಮುಗಿಸಿ ಮನೆಗೆ ಬಂದವಳೇ ಅಡುಗೆಮನೆಯ ಕಿಟಕಿಯ ಮಂಜನ್ನು ಅಂಗೈಯಿಂದ ಉಜ್ಜಿ ಮೇಲಿನ ಮನೆಯತ್ತ ನೋಡುವಳು. ಊರಿಗೆಲ್ಲ ಹಿಮ ಮುಚ್ಚಿದ್ದರೂ ಫುಸಾಕೊಳ ಮುಚ್ಚಳ ಮಾತ್ರ ಬೋಳಾಗಿ ಕಪ್ಪಗೆ ಕಾಣುತ್ತಿತ್ತು. ಯಾಕೆ? ಎಪ್ಪತ್ತು ದಾಟಿದ ಒಂಟಿ ಹೆಂಗಸು, ನಸುಕಿನ ಪಾಳಿಯಲ್ಲಿ ಮುಗಿಸಲಾಗದೆ ಉಳಿದದ್ದನ್ನು ಕದ್ದು ಸುರಿಯುತ್ತಿದ್ದಾಳೆ. ಇನ್ನೇನಿರಲು ಸಾಧ್ಯ?

ಆ ದಿನಗಳಲ್ಲಿ ಅವಳಿಗೆ ಎಲ್ಲದರ ಮೇಲೂ ಅನುಮಾನ. ಒಂದು ಬೆಳಿಗ್ಗೆ ಬಚ್ಚಲ ಕೊಳಾಯಿ ಹೆಪ್ಪುಗಟ್ಟಿತ್ತು. ನೀರು ಬಸಿದೇ ಮಲಗಿದ್ದಳು, ಆಮೇಲೆ ಯಾರೋ ತಿರುಗಿಸಿದ್ದಾರೆ.

"ನಾನಲ್ಲಪ್ಪ" ಎಂದಳು ಅತ್ತೆ ಹತ್ಸು, ಕೇಳುವ ಮೊದಲೇ.

"ನಾನಂತೂ ಅಲ್ಲ" ಎಂದ ಮೊರಿಯೊ, ಪತ್ರಿಕೆಯ ಹಿಂದಿನಿಂದ.

"ಹಾಗಾದ್ರೆ ಬೆಟ್ಟದ ದೆವ್ವ ಬಂದು ಕೈ ತೊಳ್ಕೊಂಡು ಹೋಯ್ತೇನೋ" ಎನ್ನುತ್ತ ಕಿನುಯೊ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಕೊಳಾಯಿಗೆ ಸುತ್ತಿದಳು. ಸೀಮೆಎಣ್ಣೆ ಬೇಗ ಮುಗಿಯುತ್ತಿತ್ತು. ಹಿತ್ತಲಲ್ಲಿ ಹಿಮದಡಿ ಹೂತಿಟ್ಟ ಎಲೆಕೋಸು ಕಡಿಮೆಯಾದಂತೆ ಕಾಣುತ್ತಿತ್ತು. ಅನುಮಾನ ಅವಳ ಹುಟ್ಟುಗುಣವಲ್ಲ. ಒರೆಸುವವರ ಕಣ್ಣಿಗೆ ಚೆಲ್ಲಿದ ಕೈ ಯಾವುದೆಂದು ಹುಡುಕುವ ಚಾಳಿ ತಾನಾಗಿ ಬರುತ್ತದೆ.

ಎರಡನೆಯ ಸಲ ನೀರು ಉಕ್ಕಿದಾಗ ಬೀದಿಯವರೆಲ್ಲ ಸಭಾಮನೆಯಲ್ಲಿ ಸೇರಿದರು. ಗಂಡಸರು ಒಲೆಯ ಸುತ್ತ ಕೂತರು, ಹೆಂಗಸರು ಚಹಾ ಕಾಯಿಸಿದರು. ಮೊರಿಯೊ ಒಲೆಗೆ ತೀರ ಹತ್ತಿರ, ಚದುರಂಗದಂಥ ಶೋಗಿ ಆಟದ ಗೆಳೆಯರ ನಡುವೆ ಕೂತಿದ್ದ. ಬೀದಿಯ ಮುಖ್ಯಸ್ಥ ಕಸಾಯ್ ಗಂಟಲು ಸರಿಮಾಡಿಕೊಂಡ.

"ಪಾಳಿ ತಪ್ಪಿ ಯಾರೋ ಸುರೀತಿದಾರೆ. ಎದುರು ಸಾಲಿನೋರಿಗೂ ತೊಂದ್ರೆ ಆಗ್ತಿದೆ. ಯಾರು ಅಂತ ತಾವೇ ಹೇಳಿಬಿಟ್ರೆ ಚೆನ್ನ."

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಿನುಯೊ, "ಕೆಲಸದಿಂದ ಬಂದು ನೋಡಿದಾಗೆಲ್ಲ ಫುಸಾಕೊ ಅಕ್ಕನ ಮುಚ್ಚಳದ ಮೇಲೆ ಒಂದು ಚೂರೂ ಹಿಮ ಇರಲ್ಲ" ಎಂದಳು.

ಫುಸಾಕೊ ತಿರುಗಿ ನೋಡಿದಳು. "ಗುಡಿಸಿಡ್ತೀನಿ ಕಣಮ್ಮ. ಅದರ ಮೇಲೆ ಹಿಮ ಗಟ್ಟಿಯಾದ್ರೆ ಬೆಳಿಗ್ಗೆ ಎತ್ತೋಕೆ ನನ್ನ ಸೊಂಟದಲ್ಲಿ ಶಕ್ತಿ ಎಲ್ಲಿದೆ?"

"ದಿನಾ ಗುಡಿಸ್ತೀರಾ?"

"ನೀನು ದಿನಾ ನೋಡ್ತೀಯಾ?"

ಗಂಡಸರಲ್ಲಿ ಯಾರೋ ನಕ್ಕರು. ಮೊರಿಯೊ ಚಹಾದ ಬಟ್ಟಲನ್ನು ತಿರುಗಿಸುತ್ತ ಅದರ ಬಣ್ಣ ನೋಡುತ್ತಿದ್ದ. ಕೊನೆಗೆ ಕಸಾಯ್ ತೀರ್ಮಾನ ಹೇಳಿದ: ಇನ್ನೊಂದು ಸಲ ಹೀಗಾದರೆ ಫುಸಾಕೊಳ ಮುಚ್ಚಳಕ್ಕೆ ವಸಂತದವರೆಗೆ ಬೀಗ. ಅಂಗಳದ ಹಿಮವನ್ನು ಅವಳು ಜಾರುಬಂಡಿಯಲ್ಲಿ ಎಳೆದು ನದಿ ದಂಡೆಗೆ ಹಾಕಿಬರಬೇಕು.

"ಎಳೆಯೋದೆಲ್ಲಿಂದ ಬಂತು" ಎಂದಳು ಫುಸಾಕೊ. ದನಿ ಏರಲಿಲ್ಲ. "ಬೀಗ ಹಾಕಿದ ದಿನ ನಾನು ಮನೆಗೂ ಬೀಗ ಹಾಕ್ಕೊಂಡು ಮಗಳ ಮನೆಗೆ ಹೋಗ್ಬೇಕಾಗುತ್ತೆ. ಹೋದ್ರೆ ಅವಳು ವಾಪಸ್ಸು ಕಳಿಸಲ್ಲ. ಅಷ್ಟೆ."

ಅದು ಎಲ್ಲರಿಗೂ ಗೊತ್ತಿದ್ದ ಮಾತೇ. ಕಿನುಯೊಗೂ ಗೊತ್ತಿತ್ತು. ತಪ್ಪು ಮಾಡಿದವರು ಅನುಭವಿಸಲಿ ಎಂದುಕೊಂಡು ಬಟ್ಟಲುಗಳನ್ನು ತೊಳೆದಳು.

ಜಪಾನ್ ಸಮುದ್ರದ ಕಡೆಯಿಂದ ಮೋಡ ಬಂದು ಬಿಡದೆ ಹಿಮ ಸುರಿಯಿತು. ಆ ವಾರ ಮುಗಿಯುವುದರೊಳಗೆ ಮೂರನೆಯ ಸಲ ನೀರು ಉಕ್ಕಿತು. ಕಿನುಯೊ ಮೊಣಕಾಲೂರಿ ನೆಲ ಬಳಿಯುತ್ತಿದ್ದಾಗ ಕಸಾಯ್ ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಬೀಗ ಮತ್ತು ಬೀಗದಕೈ.

"ಇನ್ನು ಮಾತಿಲ್ಲಮ್ಮ. ನಂಗೆ ನಾಳೆ ಬೆಳಿಗ್ಗೆ ಪಂಪಿನ ಮನೇಲಿ ಕೆಲಸ ಇದೆ. ಪಕ್ಕದ ಮನೆಯೋಳು ನೀನೇ, ನೋಡಿದೋಳೂ ನೀನೇ. ಪಾಳಿ ಶುರುವಾಗೋ ಮೊದಲೇ ಅವಳ ಮುಚ್ಚಳಕ್ಕೆ ಹಾಕಿ, ಬೀಗದಕೈ ನಮ್ಮನೆ ಅಂಚೆಪೆಟ್ಟಿಗೆಗೆ ಹಾಕಿಬಿಡು."

ಕಿನುಯೊ ಬೀಗ ತೆಗೆದುಕೊಂಡಳು. ತಣ್ಣಗಿತ್ತು. ಅದನ್ನು ಚಪ್ಪಲಿ ಗೂಡಿನ ಮೇಲಿಟ್ಟು, ಒರೆಸಿದ ಬಟ್ಟೆಗಳನ್ನು ಒಣಹಾಕಲು ಒಲೆಯ ಹತ್ತಿರ ಹೋದಳು.

ಒಲೆಯ ಹಿಂದಿನ ಕಂಬಿಯ ಮೇಲೆ ಒಂದು ಜೊತೆ ಕೈಗವಸು ಆಗಲೇ ನೇತುಬಿದ್ದಿತ್ತು. ಮೊರಿಯೊನದು. ಮನೆಯ ಎಲ್ಲರ ಗವಸು, ಕಾಲುಚೀಲ ಒಣಗಿಸುವವಳು ಅವಳೇ. ಈ ಗವಸು ಈ ಚಳಿಗಾಲವಿಡೀ ಒದ್ದೆಯಾದದ್ದನ್ನು ಅವಳು ಕಂಡಿರಲಿಲ್ಲ. ಹಿಂಡಿದಳು. ನೀರು ಒಲೆಯ ಮೇಲೆ ಬಿದ್ದು ಚುಂಯ್ ಎಂದಿತು.

"ಇವತ್ತು ಎಲ್ಲಿಗೆ ಹೋಗಿದ್ರಿ?"

"ಸಭಾಮನೆಗೆ. ಶೋಗಿ."

"ಗವಸು ಹಾಕ್ಕೊಂಡು ಆಡಿದ್ರಾ?"

ಮೊರಿಯೊ ಪತ್ರಿಕೆ ಮಡಿಸಿದ. ಉಪಕಾರ ಮಾಡಿದವನ ದನಿಯಲ್ಲೇ ಹೇಳಿದ. "ಕಾರು ನಿಲ್ಲಿಸೋ ಜಾಗ ತುಂಬಿತ್ತು. ನಾನೇ ತೆಗೆದೆ. ದಿನಾ ಗೊಣಗ್ತೀಯಲ್ಲ, ಮನೇಲಿ ಯಾರೂ ಕಡ್ಡಿ ಎತ್ತಿಡಲ್ಲ ಅಂತ."

"ತೆಗೆದು ಎಲ್ಲಿಗೆ ಹಾಕಿದ್ರಿ?"

"ಕಾಲುವೆಗೆ. ಇನ್ನೆಲ್ಲಿಗೆ?"

"ಮಧ್ಯಾಹ್ನ? ನೀರಿಲ್ಲದಾಗ?"

"ಒಂದಿಷ್ಟು ನೀರಿತ್ತು. ಹೆಂಟೆ ಹೆಂಟೆನೇ ಎತ್ತಿಹಾಕಿದೆ, ಬೇಗ ಮುಗೀತು."

"ಹಿಂದಿನ ಎರಡು ಸಲಾನೂ?"

"ಆಗ ನೀನು ಬರೋದ್ರೊಳಗೆ ಗವಸು ಒಣಗಿತ್ತು" ಎಂದು ಅವನು ಮತ್ತೆ ಪತ್ರಿಕೆ ಬಿಡಿಸಿದ. ಕಿನುಯೊ ಅಲ್ಲೇ ಕೂತುಬಿಟ್ಟಳು. ಊರೆಲ್ಲರನ್ನೂ ಅನುಮಾನಿಸಿದ್ದಳು, ಎಲೆಕೋಸಿನ ವಿಷಯದಲ್ಲಿ ಎದುರುಮನೆಯ ಬೆಕ್ಕನ್ನೂ ಬಿಟ್ಟಿರಲಿಲ್ಲ. ಇವನೊಬ್ಬನ ಮೇಲೆ ಅನುಮಾನ ಸುಳಿದಿರಲಿಲ್ಲ. ಸಲಿಕೆಯನ್ನೇ ಮುಟ್ಟದವನು ಕಾಲುವೆ ಕಟ್ಟಿಕೊಳ್ಳುವಂತೆ ಮಾಡುತ್ತಾನೆಂದು ಯಾರು ಎಣಿಸುತ್ತಾರೆ? ಅವನ ಸೋಮಾರಿತನವೇ ಅವನ ಪರ ಸಾಕ್ಷಿ ನುಡಿದಿತ್ತು.

"ಸಭೇಲಿ ಆ ಮುದುಕಿ ಮೇಲೆ ತಪ್ಪು ಬಂತಲ್ಲ ರೀ. ನೀವು ಅಲ್ಲೇ ಕೂತಿದ್ರಿ."

"ಅವಳ ಹೆಸರು ಎತ್ತಿದ್ದು ನಾನಲ್ಲ, ನೀನು." ಇದು ನಿಜವಾಗಿತ್ತು. ಅವನಿಗೂ ಅದು ಗೊತ್ತಿತ್ತು. "ನೋಡು, ಬರೋ ವರ್ಷ ಬೀದಿ ಮುಖ್ಯಸ್ಥನ ಸರದಿ ನಂದು. ಈಗ ಹೋಗಿ ನಾನೇ ಅಂದ್ರೆ ಏನು ಮರ್ಯಾದೆ ಉಳಿಯುತ್ತೆ? ಅವಳಿಗೆ ವಯಸ್ಸಾಯ್ತು. ಮಗಳ ಮನೇಲಿ ಬೆಚ್ಚಗಿರ್ತಾಳೆ. ಇನ್ಮೇಲೆ ನಾನು ಸಲಿಕೆ ಮುಟ್ಟಲ್ಲ, ಆಯ್ತಾ?"

ಹೊದಿಕೆ ಇಳಿಬಿಟ್ಟ ಬೆಚ್ಚನೆಯ ಗಿಡ್ಡ ಮೇಜಿನಡಿ ಕಾಲಿಟ್ಟು ಕೂತಿದ್ದ ಹತ್ಸು ತಲೆಯೆತ್ತಿದಳು. "ಗಂಡಸು ಅಪರೂಪಕ್ಕೆ ಕೆಲಸ ಮಾಡಿದ್ರೆ ಅದಕ್ಕೂ ವಿಚಾರಣೆನಾ? ನಿನ್ನ ಮಾವಂಗೆ ಬದುಕಿರೋವರೆಗೂ ಸಲಿಕೆ ಎಲ್ಲಿರುತ್ತೆ ಅಂತಾನೇ ಗೊತ್ತಿರ್ಲಿಲ್ಲ."

"ಅದಕ್ಕೇ ಅತ್ತೆ, ಆಗ ಕಾಲುವೆ ಕಟ್ಕೊಳ್ತಿರ್ಲಿಲ್ಲ" ಎಂದು ಕಿನುಯೊ ಊಟಕ್ಕೆ ಬಡಿಸಲು ಎದ್ದಳು.

ಬೆಳಗಿನ ಜಾವ ಅವಳು ಒಲೆ ಹಚ್ಚಿದಳು, ಕೊಳಾಯಿಗೆ ನೀರು ಬಿಟ್ಟಳು, ಅತ್ತೆಯ ಬಾಗಿಲು ಜರುಗಿಸಿ ನೋಡಿದಳು. ಅಕ್ಕಿ ತೊಳೆಯಲಿಲ್ಲ. ಬೀಗ ತೆಗೆದುಕೊಂಡು ಬೀದಿಗೆ ಇಳಿದಳು. ಹಿಮ ನಿಂತಿತ್ತು. ಮೊಣಕಾಲಿನವರೆಗೆ ಹೊಸದಾಗಿ ಬಿದ್ದಿತ್ತು, ಕಾರು ಹಿಮದಡಿ ಹಸುವಿನಂತೆ ಮಲಗಿತ್ತು.

ಮೇಲಿನ ಮನೆಯಲ್ಲಿ ದೀಪ ಹತ್ತಿತು. ಫುಸಾಕೊ ಏಳುತ್ತಿದ್ದಾಳೆ. ಇನ್ನು ಸ್ವಲ್ಪ ಹೊತ್ತಿಗೆ ಪೊರಕೆ ಹಿಡಿದು ಬರುತ್ತಾಳೆ.

ದಾರಿಗಳು ಹೆಚ್ಚಿರಲಿಲ್ಲ. ಬೀಗವನ್ನು ಫುಸಾಕೊಳ ಮುಚ್ಚಳಕ್ಕೆ ಹಾಕಿದರೆ ಯಾರೂ ಏನೂ ಕೇಳುವುದಿಲ್ಲ. ಯಾವುದಕ್ಕೂ ಹಾಕದೆ ಹಿಂದಿರುಗಿಸಿದರೆ ಕಸಾಯ್ ತಾನೇ ಬಂದು ಹಾಕುತ್ತಾನೆ. ನಿಜ ಹೇಳಿದರೆ ಬೀಗ ಬರುವುದು ತನ್ನ ಮನೆಯ ಮುಚ್ಚಳಕ್ಕೆ. ಆಮೇಲೆ ಈ ಅಂಗಳದ ಹಿಮವನ್ನೆಲ್ಲ ನದಿಯವರೆಗೆ ಎಳೆಯಬೇಕು, ವಸಂತದವರೆಗೆ. ಎಳೆಯುವವರು ಯಾರು? ಪತ್ರಿಕೆಯ ಹಿಂದೆ ಕೂತವನೇ? ಮರ್ಯಾದೆ ಹೋಗುವುದು ಅವನದು, ಸೊಂಟ ಮುರಿಯುವುದು ತನ್ನದು. ಹಾಗೆಂದೇ ಅವನು ಅಷ್ಟು ನಿಶ್ಚಿಂತೆಯಿಂದ ನಿದ್ದೆ ಹೋಗಿದ್ದನೇನೋ. ಅಕ್ಕಿ ತೊಳೆಯಲು ತಾನು ಒಳಗೆ ಹೋಗೇ ಹೋಗುತ್ತೇನೆಂದು ಅವನು ನಂಬಿದ್ದ.

ಅಡಿಯಲ್ಲಿ ನೀರು ಬಂದ ಸದ್ದಾಯಿತು.

ಕಿನುಯೊ ತನ್ನ ಮನೆಯ ಮುಚ್ಚಳದ ಮೇಲಿನ ಹಿಮವನ್ನು ಬೂಟುಗಾಲಿನಿಂದ ಸರಿಸಿ, ಬಗ್ಗಿ, ಅದರ ಕಬ್ಬಿಣದ ಬಳೆಗೆ ಬೀಗ ಸಿಕ್ಕಿಸಿ ಒತ್ತಿದಳು. ಸಲಿಕೆಯನ್ನು ಗೋಡೆಗೆ ಒರಗಿಸಿದಳು. ಆ ದಿನ ಅದನ್ನು ಎತ್ತಲಿಲ್ಲ. ಕಸಾಯ್ ಮನೆಯ ಅಂಚೆಪೆಟ್ಟಿಗೆಯ ಮುಂದೆ ನಿಂತು ಬೀಗದಕೈಗೆ ಒಂದು ಚೀಟಿ ಸುತ್ತಿದಳು. "ಮೂರು ಸಲವೂ ನಮ್ಮ ಮನೆಯಿಂದ. ಸುರಿದವರು ಮೊರಿಯೊ. ಹೆಸರು ತಪ್ಪಾಗಿ ಎತ್ತಿದವಳು ನಾನು" ಎಂದು ಬರೆದಿದ್ದಳು. ಬೆರಳು ಸಡಿಲಿಸಿದಳು. ಅದು ತಗಡಿನ ತಳಕ್ಕೆ ಬಿದ್ದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಮನೆಯ ದಾರಿ ಬಿಟ್ಟು ಸೇಬಿನ ಕೊಠಾರದ ಕಡೆ ನಡೆದಳು.