ಫ್ರೀಜರಿನ ಖಾರಪುಡಿ, ಅಪ್ಪನ ಮೂಗು

ಹೇಳಿದರೆ ನೀವು ನಂಬುವುದಿಲ್ಲ. ನಂಬಿದರೆ ಮೂಗಿನ ಮೇಲೆ ಬೆರಳಿಡುತ್ತೀರಿ. ಇಟ್ಟುಕೊಳ್ಳಿ, ನಿಮಗೇನು, ನನಗೆ ಡಾಕ್ಟರು ಅದನ್ನೂ ಬೇಡವೆಂದಿದ್ದರು.

ಹತ್ತೊಂಬತ್ತು ತುಂಬಿದ್ದೇ ತಡ, ಹುಬ್ಬಳ್ಳಿಗೆ ಹೋಗಿ ಮೂಗಿನ ಆಪರೇಶನ್ ಮಾಡಿಸಿಕೊಂಡೆ. ರೋಗವೇನೂ ಇರಲಿಲ್ಲ. ಮೂಗು ಅಪ್ಪನದಾಗಿತ್ತು, ಅಷ್ಟೇ. ಅಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಅವರು ಮಾರ್ಕೆಟ್ಟಿಗೆ ಕಾಲಿಡುವ ಮೊದಲೇ ಅವರ ಮೂಗು ಒಳಗೆ ಹೋಗಿ ಚೀಲಗಳನ್ನೆಲ್ಲ ನೋಡಿಕೊಂಡು ಬಂದಿರುತ್ತಿತ್ತು. ಮನೆಗೆ ಬಂದವರು ನನ್ನನ್ನು ಕಂಡರೆ, "ಥೇಟ್ ಅಪ್ಪನ ಮೂಗ ನೋಡ್ರಿ!" ಅನ್ನುವರು. ಅಪ್ಪ ಬಹುಮಾನ ಬಂದವರಂತೆ ನಗುವರು. ನಾನು ಒಳಗೆ ಹೋಗಿ ಕನ್ನಡಿಯ ಜೊತೆ ಜಗಳಾಡುವೆ.

ಅತ್ತು ಕರೆದು ಅವ್ವನನ್ನು ಒಪ್ಪಿಸಿದ್ದೆ. ಅಪ್ಪನಿಗೆ ಮಾತ್ರ, ಕಂಪ್ಯೂಟರ್ ಕ್ಲಾಸಿಗಾಗಿ ರಾಣೆಬೆನ್ನೂರಿನಲ್ಲಿ ಅವ್ವನ ತಂಗಿ ಚಿಗವ್ವನ ಮನೆಯಲ್ಲಿರುತ್ತಾಳೆ ಎಂದು ಹೇಳಿದ್ದೆವು. ಬಾವು ಇಳಿದು, ಕಣ್ಣ ಕೆಳಗಿನ ನೀಲಿ ಮಾಸಿದ ಮೇಲೆ ಊರಿಗೆ ಹೋದರೆ, ಮಗಳು ಸೊರಗಿದ್ದಾಳೆ ಅಂದುಕೊಂಡು ಅಪ್ಪ ಸುಮ್ಮನಾಗುತ್ತಾರೆ ಎಂಬುದು ನಮ್ಮ ಅಂದಾಜು. ಅವ್ವ ಕದರಮಂಡಲಗಿ ಹನುಮಪ್ಪನಿಗೆ ಹರಕೆಯನ್ನೂ ಹೊತ್ತಳು. ಮುಖ ಊದಿದವರ ಸಂಕಟ ಆ ದೇವರಿಗಲ್ಲದೆ ಇನ್ಯಾರಿಗೆ ತಿಳಿದೀತು?

ಆಪರೇಶನ್ ಮುಗಿಸಿ ಚಿಗವ್ವನ ಮನೆ ಸೇರಿದರೆ, ಬಾವು ಇಳಿಯುವ ಮಾತೇ ಆಡಲಿಲ್ಲ. ಮೂಗಿನ ಮೇಲೆ ಪ್ಲಾಸ್ಟರು, ಕಣ್ಣ ಸುತ್ತ ಬದನೆಕಾಯಿ ಬಣ್ಣ. ಯಾರಾದರೂ ಬಾಗಿಲು ಬಡಿದರೆ ದುಪಟ್ಟಾ ಸುತ್ತಿಕೊಂಡು ಒಳಕೋಣೆಗೆ ಓಟ. ಚಂದ ಕಾಣಬೇಕೆಂದು ಹೋದವಳು ಹಾಲಿನವನಿಗೂ ಮುಖ ತೋರಿಸದಂತಾಗಿದ್ದೆ. ದಿಂಬು ಪೇರಿಸಿ ತಲೆ ಎತ್ತರಕ್ಕಿಟ್ಟು ಮಲಗಬೇಕು, ಬಗ್ಗಬಾರದು, ಉಪ್ಪು ಕಡಿಮೆ ತಿನ್ನಬೇಕು, ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ತಣ್ಣನೆಯದೇನಾದರೂ ಬಟ್ಟೆಯಲ್ಲಿ ಸುತ್ತಿ ಕೆನ್ನೆಗಿಡಬೇಕು, ಮೂಗಿಗೆ ತಾಗಿಸಬಾರದು.

"ಚಿಗವ್ವಾ, ಐಸ್ ಎಲ್ಲಾ ನೀರಾತು!"

"ಫ್ರೀಜರ್‌ನಾಗ ಏನೈತಿ ನೋಡಿ ಇಟ್ಕೋವಾ. ನಾ ರೊಟ್ಟಿ ಬಡೀಲೋ, ನಿನ್ನ ಮಾರಿ ಕಾಯ್ಲೋ?"

ಫ್ರೀಜರಿನಲ್ಲಿದ್ದದ್ದು ಅಪ್ಪ ಕಳಿಸಿದ ಖಾರಪುಡಿ. ಬಣ್ಣ ಕೆಡಬಾರದೆಂದು ನಮ್ಮವರು ಅದನ್ನು ಥಂಡಿಯಲ್ಲಿಡುತ್ತಾರೆ. ಬ್ಯಾಡಗಿಯಲ್ಲಂತೂ ಮೆಣಸಿನಕಾಯಿಗೆಂದೇ ದೊಡ್ಡ ದೊಡ್ಡ ಕೋಲ್ಡ್ ಸ್ಟೋರೇಜ್‌ಗಳಿವೆ. ಸೆಕೆಯಲ್ಲಿ ಬೇಯುವುದು ಮನುಷ್ಯರು ಮಾತ್ರ. ಪಾಕೀಟನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡೆ. ಕೆನ್ನೆಯ ಉಬ್ಬುತಗ್ಗಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಡಾಕ್ಟರಿಗೂ ಹೊಳೆಯದ ಉಪಾಯ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಹುಟ್ಟಿದಾಗಿನಿಂದ ಕೇಳಿದ್ದೇನೆ. ಹಾಗೆನ್ನುವವರು ಯಾರೂ ಅದನ್ನು ಕಣ್ಣಿಗೆ ಹಾಕಿಕೊಂಡು ನೋಡಿಲ್ಲ.

ಪಾಕೀಟಿನ ಮೂಲೆ ಹರಿದಿತ್ತು.

ಡಾಕ್ಟರು ಹೇಳಿದಂತೆ ಬಾಯಿ ತೆರೆದೇ ಸೀನಿದೆ. ಸೀನಿದ ರಭಸಕ್ಕೆ ಪುಡಿ ಇನ್ನಷ್ಟು ಎದ್ದಿತು. ಮತ್ತೆ ಸೀನು. ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಇದನ್ನೇ ಸೀಟಿ ಎಂದುಕೊಂಡು ಹೊರಟಿರಬೇಕು. ಚಿಗವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಎವ್ವಾ! ಮೂಗ ಮಾಡಿಸ್ಕೊಂಡ್ ಬಂದೀಯೋ, ಓಕುಳಿ ಆಡಿ ಬಂದೀಯೋ?"

ಕಣ್ಣು ಉರಿಯುತ್ತಿದ್ದರೂ ನಗು ತಡೆಯಲಾಗಲಿಲ್ಲ. ನಕ್ಕರೆ ಪ್ಲಾಸ್ಟರಿನೊಳಗೆಲ್ಲ ಚಳುಕು. ಇಬ್ಬರೂ ಹಾಗೆ ಬಿದ್ದು ನಗುತ್ತಿದ್ದಾಗ ಅಪ್ಪ ಒಳಗೆ ಬಂದರು. ಮಾರ್ಕೆಟ್ಟಿಗೆ ರಜೆಯಿತ್ತು; ಮಗಳಿಗೆ ಸೇರುತ್ತದೆಂದು ಮಂಡಕ್ಕಿಯ ಗಿರಮಿಟ್ ಕಟ್ಟಿಸಿಕೊಂಡು ಬಂದಿದ್ದರು.

"ಯಾರವಾ ಹೊಡದಾರ?" ಅಂದರು ಅಪ್ಪ.

"ಸ್ಕೂಟಿ ಮ್ಯಾಲಿಂದ ಬಿದ್ಲರೀ ಭಾವಾರ," ಚಿಗವ್ವ ಅಂದಳು.

ಅಪ್ಪ ನಂಬಿಬಿಟ್ಟರು. ಬಂದು ನನ್ನ ತಲೆ ಮೇಲೆ ಕೈಯಿಟ್ಟರು. "ಹೆದರಬ್ಯಾಡ. ದೊಡ್ಡ ಡಾಕ್ಟರ್‌ಗೆ ತೋರ್ಸೋಣು. ಮೊದಲ ಹೆಂಗಿತ್ತೋ ಹಂಗss ಮಾಡ್ತಾರ ನಿನ್ನ ಮೂಗು."

ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

"ಬಿದ್ದಿಲ್ಲಪ್ಪಾ. ನಾನss ಮಾಡಿಸ್ಕೊಂಡೇನಿ. ಸಣ್ಣ ಮೂಗು ಬೇಕಾಗಿತ್ತು."

ಅಪ್ಪ ಗಿರಮಿಟ್ಟಿನ ಪೊಟ್ಟಣ ಕೆಳಗಿಟ್ಟರು. ಬಲಗೈ ತಾನಾಗಿ ತಮ್ಮ ಮೂಗಿನತ್ತ ಹೋಗಿ, ಅದನ್ನು ಮುಚ್ಚುವಂತೆ ನಿಂತಿತು.

"ನಂದು ಅಷ್ಟು ಕೆಟ್ಟ ಕಾಣ್ತಿತ್ತೇನವಾ?"

ಇಲ್ಲ ಅನ್ನಬೇಕಿತ್ತು. ಮುಖದ ನಡುವೆ ಆ ಪ್ಲಾಸ್ಟರು ಇಟ್ಟುಕೊಂಡು ಹೇಗೆ ಅನ್ನಲಿ?